ಮಿರಾನಳ ಬಾಯಿ ರುಚಿ

ಕೊರಿಯಾದ ಇಂಚೊನ್ ಬಂದರಿನ ಹಿಂದಿನ ಬೀದಿಯಲ್ಲಿ ಓಕ್ ಮಿರಾನ್ ವೇಪ್ ಎಂಬ ಹಬೆ ಸಿಗರೇಟಿನ ಅಂಗಡಿ ಇಟ್ಟಿದ್ದಳು. ಮೊದಲು ಅವಳದು ಕಿಮ್ಚಿ ಎಂಬ ಖಾರದ ಉಪ್ಪಿನಕಾಯಿ, ಪಲ್ಯಗಳ ಅಂಗಡಿ. ಉಪ್ಪು ಒಂದು ಹರಳು ಹೆಚ್ಚಾದರೂ ಅವಳ ನಾಲಿಗೆ ಹಿಡಿದುಬಿಡುತ್ತದೆ ಎಂದು ಮಾರುಕಟ್ಟೆಯೆಲ್ಲ ಹೇಳುತ್ತಿತ್ತು. ಮಂಡಿ ಸೋತು, ಕೋಸಿನ ಬುಟ್ಟಿ ಎತ್ತಲಾಗದೆ, ಆ ಅಂಗಡಿಯನ್ನು ನಾದಿನಿ ಸೊನೊಕಳಿಗೆ ಬಿಟ್ಟುಕೊಟ್ಟು ಇಲ್ಲಿ ಕುಳಿತಿದ್ದಳು. ಕುಳಿತೇ ಮಾಡುವ ಕೆಲಸ ಎಂಬುದೊಂದೇ ಸಮಾಧಾನ.

ಗಿರಾಕಿಗಳು ಕೊಳ್ಳುವ ಮುನ್ನ ರುಚಿ ನೋಡಲೆಂದು ಮೇಜಿನ ಮೇಲೆ ಫ್ಲೇವರಿಗೊಂದರಂತೆ ವೇಪ್ ಪೆನ್ನು ನಿಲ್ಲಿಸಿದ್ದಳು. ಬಂದವರಿಗೆ ಹೊಸ ರಬ್ಬರ್ ತುದಿ ಸಿಕ್ಕಿಸಿ ಕೊಡುವಳು. ಅವರು ಅನುಮಾನಿಸಿದರೆ ತಾನೂ ಒಂದು ದಮ್ಮು ಎಳೆದು, ಹೀಗಿದೆ ಹಾಗಿದೆ ಎಂದು ವರ್ಣಿಸುವಳು. ದ್ರಾಕ್ಷಿ, ಪುದೀನ, ಪೀಚು, ಕಾಫಿ. ಸಂಜೆಯಾಗುವಷ್ಟರಲ್ಲಿ ಗಂಟಲು ಒಣಗಿ, ತಲೆ ಭಾರವಾಗುತ್ತಿತ್ತು. ಬರುಬರುತ್ತ ಎಲ್ಲವೂ ಬೆಚ್ಚಗಿನ ಹಬೆಯಷ್ಟೇ ಆಯಿತು. ಮನೆಯ ಊಟವೂ ಹಾಗೆಯೇ. ಅವಳು ಯಾರಿಗೂ ಹೇಳಲಿಲ್ಲ. ಪೆನ್ನಿನ ಮೇಲಿನ ಚೀಟಿ ಓದಿ ವರ್ಣಿಸುತ್ತ ದಿನ ದೂಡಿದಳು.

ಹಬ್ಬದ ಮುಂಚೆ ಸೊನೊಕ್ ಮೂಲಂಗಿ ಕಿಮ್ಚಿ ತಂದಳು. ದೊಡ್ಡ ಪ್ರಮಾಣದಲ್ಲಿ ಮಾಡಿದಾಗಲೆಲ್ಲ ಅತ್ತಿಗೆಯ ಬಾಯಿಗೆ ತೋರಿಸದೆ ಮಾರುತ್ತಿರಲಿಲ್ಲ. ಮಿರಾನ್ ಅಗಿದು, ಕಣ್ಣುಮುಚ್ಚಿ, ಸರಿಯಾಗಿದೆ ಎಂದಳು.

ಎರಡು ದಿನಕ್ಕೆ ಸೊನೊಕ್ ಮತ್ತೆ ಬಂದಳು. ಕಿಮ್ಚಿಗೆ ಎರಡು ಸಲ ಉಪ್ಪು ಬಿದ್ದಿತ್ತಂತೆ. ಕೊಂಡವರೆಲ್ಲ ಡಬ್ಬಿ ತಂದು ಮುಖದ ಮುಂದೆ ಕುಕ್ಕಿ ಹೋಗಿದ್ದರು. ನೆಗಡಿಯಿಂದ ಮೂಗು ಕಟ್ಟಿ ತನಗೆ ತಿಳಿಯಲಿಲ್ಲ, ಅತ್ತಿಗೆಗೂ ತಿಳಿಯಲಿಲ್ಲವೇ?

"ನಿಮ್ ಅಂಗಡೀಲಿ ನಾನು ಕೂತಿರೋದು ನಿಮಗೆ ಸಹಿಸೋಕಾಗ್ತಿಲ್ಲ ಅತ್ತಿಗೆ," ಅಂದಳು ಸೊನೊಕ್. "ಬಾಯಿಬಿಟ್ಟು ಹೇಳ್ಬೋದಿತ್ತು. ಹೀಗೆ ಹೆಸ್ರು ಕೆಡಿಸೋದಾ?"

ಆಗ ಮೇಜಿನ ಬಳಿ ಬಾಂಗ್ ಎಂಬ ಟ್ಯಾಕ್ಸಿ ಚಾಲಕ ನಿಂತಿದ್ದ. ಮಗಳು ಬಸುರಿ, ಸಿಗರೇಟು ಬಿಡಬೇಕೆಂದು ವಾರದಿಂದ ಒಂದೊಂದೇ ಫ್ಲೇವರ್ ನೋಡುತ್ತಿದ್ದವನು. ಅವನು ಕೈಯಲ್ಲಿದ್ದ ಪೆನ್ನನ್ನು ಮುಂದೆ ಹಿಡಿದ.

"ಅಕ್ಕಾ, ಬೆಳಿಗ್ಗೆ ನೀವೇ ಎಳೆದು ದ್ರಾಕ್ಷಿ ಚೆನ್ನಾಗಿದೆ ಅಂದ್ರಿ. ಇದು ಕಾಫಿ. ತುಂಬಿಸೋವಾಗ ಅದಲುಬದಲಾಗಿದೆ. ನಿಮಗೆ ಗೊತ್ತಾಗ್ಲಿಲ್ವಾ?"

ಸೊನೊಕ್ ಪೆನ್ನನ್ನೂ ಅತ್ತಿಗೆಯನ್ನೂ ನೋಡಿದಳು.

"ಯಾವಾಗ್ನಿಂದ?"

"ಚಳಿಗಾಲದಿಂದ," ಅಂದಳು ಮಿರಾನ್. "ಬಾಯಿ ಸತ್ತುಹೋಗಿದೆ ಕಣೆ. ಇದೊಂದೇ ಇತ್ತು ನನ್ ಹತ್ರ. ಇದೂ ಹೋಯ್ತು ಅಂತ ಯಾವ ಬಾಯಲ್ಲಿ ಹೇಳ್ಲಿ?"

ಸೊನೊಕ್ ಸ್ಟೂಲೆಳೆದು ಕುಳಿತಳು. ಬೈಯಲು ಬಂದವಳಿಗೆ ಬೈಗುಳ ನೆನಪಾಗಲಿಲ್ಲ. ನಾಳೆಯಿಂದ ನೀವು ಒಂದು ದಮ್ಮೂ ಎಳೆಯಕೂಡದು ಎಂದಷ್ಟೇ ಹೇಳಿ ಹೋದಳು.

ಮಿರಾನ್ ಹಾಗೆಯೇ ನಡೆದುಕೊಂಡಳು. ಗಿರಾಕಿ ಬಂದರೆ ಮೊದಲು ಪೆನ್ನಿಗೆ ತುಂಬುವ ದ್ರವದ ಬಾಟಲಿಯ ಮುಚ್ಚಳ ಮೂಸಲು ಹೇಳುವಳು; ಅರ್ಧಕ್ಕರ್ಧ ಅಲ್ಲೇ ಬೇಡವೆನಿಸುತ್ತಿದ್ದವು. ಉಳಿದುದರಲ್ಲಿ ಎರಡೋ ಮೂರೋ ಅವರೇ ಎಳೆದು ನೋಡುವರು, ಮೆಲ್ಲಗೆ ಒಂದೊಂದೇ ದಮ್ಮು, ನಡುವೆ ಬಾರ್ಲಿ ನೀರು. ಹೇಗಿದೆ ಎಂದು ಕೇಳಿದರೆ, ನಿಮ್ಮ ಬಾಯಿ ನಿಮಗೇ ಗೊತ್ತು, ನನ್ನದು ಕೆಟ್ಟಿದೆ ಎನ್ನುವಳು. ಕೆಲವರು ನಕ್ಕರು, ಕೆಲವರು ಬೇರೆ ಅಂಗಡಿಗೆ ಹೋದರು. ಬಾಂಗ್ ಯಾವುದೂ ಒಗ್ಗದೆ, ಕೊನೆಗೆ ಫ್ಲೇವರೇ ಇಲ್ಲದ ಬಾಟಲಿ ಒಯ್ದ.

ಮಳೆ ಶುರುವಾಗುವ ಹೊತ್ತಿಗೆ ಅವಳು ಕುಂಟುತ್ತ ಸೊನೊಕಳ ಅಂಗಡಿಗೆ ಹೋದಳು. ಸೊನೊಕ್ ಹೊಸ ಸೌತೆ ಕಿಮ್ಚಿಯ ಒಂದು ಚೂರನ್ನು ಕೈಯಿಂದಲೇ ಅವಳ ಬಾಯಿಗಿಟ್ಟಳು. ಮಿರಾನ್ ತುಂಬ ಹೊತ್ತು ಅಗಿದಳು. ನಾಲಿಗೆಯ ಅಂಚಿನಲ್ಲಿ ಎಲ್ಲೋ ಸಣ್ಣಗೆ ಹುಳಿ.

"ಉಪ್ಪು?" ಕೇಳಿದಳು ಸೊನೊಕ್.

"ಗೊತ್ತಾಗ್ತಿಲ್ಲ."

"ಸರಿ, ನಾನೇ ನೋಡ್ಕೋತೀನಿ," ಎಂದು ಸೊನೊಕ್ ತಾನೊಂದು ಚೂರು ಬಾಯಿಗೆ ಹಾಕಿಕೊಂಡಳು. "ನೀವು ಕೂತ್ಕೊಳ್ಳಿ. ಮಂಡಿ ನೋಯುತ್ತೆ."