ಬಿತ್ಯಾಗಿನ ಕಣಜದ ದೇವರು

“ನಿಮ್ಮೂರಾಗ ಮನಿಗೆ ಬೆಂಕಿ ಬಿದ್ರ ಮೊದಲ ಏನ್ ಹೊರಗ ತರ್ತೀರಿ ಅಂತ ಕೇಳು ಆಕಿನ್ನ,” ಅಂದರು ನಮ್ಮತ್ತೆ ಶಿವಕ್ಕ.

ಆಕಿ ಅಂದರೆ ಅಪೋ ಬುಗನ್. ಕಾರ್ಲ್ಸ್‌ಬಾಡ್ ಲ್ಯಾಬಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೆಲಸ ಮಾಡೋ ಕ್ರಿಸ್ಪಿನಾಳ ತಾಯಿ. ಫಿಲಿಪೀನ್ಸಿನ ಬೆಟ್ಟದ ಕಡೆಯವರು, ಅಪೋ ಅಂದರೆ ಅವರಲ್ಲಿ ಅಜ್ಜಿ. ಇಬ್ಬರು ಮುದುಕಿಯರೂ ಅಡಿಗೆಮನೆ ಮೇಜಿನ ಎರಡು ತುದಿಗೆ ಕೂತಿದ್ದರು. ಅತ್ತೆ ಕನ್ನಡದಲ್ಲಿ ಕೇಳಿದ್ದನ್ನು ನಾನು ಇಂಗ್ಲಿಷಿಗೆ ತರಬೇಕು, ಅದನ್ನು ಕ್ರಿಸ್ಪಿನಾ ತಮ್ಮ ಬೆಟ್ಟದ ಭಾಷೆಗೆ ಹಾಕಬೇಕು, ಉತ್ತರ ಬಂದ ದಾರಿಯಲ್ಲೇ ವಾಪಸ್ಸು. ಬಕೆಟ್ಟು ಕೈಯಿಂದ ಕೈಗೆ ಸಾಗಿಸಿದ ಹಾಗೆ.

ಅಪೋ ಬುಗನ್ ಯೋಚನೆಯನ್ನೇ ಮಾಡಲಿಲ್ಲ. ಒಂದೇ ಮಾತು ಅಂದರು. ಕ್ರಿಸ್ಪಿನಾ ನಕ್ಕುಬಿಟ್ಟಳು.

“ಏನಂತ?” ಅತ್ತೆ ಕೇಳಿದರು.

“ಸಾಕಿದ ಪ್ರಾಣಿ ಅಂತೆ ಅತ್ತೆ.”

“ಯಾವ ಪ್ರಾಣಿ?”

“ಹಂದಿ.”

“ಶಿವ ಶಿವಾ. ಕೇಳಬಾರದಿತ್ತು ನಾ.”

ನಗಬೇಕಿತ್ತು ನಾವು, ನಗು ಬರಲಿಲ್ಲ. ಅತ್ತೆಯ ತುಟಿ ಒಣಗಿ ಬಿರಿದಿತ್ತು. ಭಾನುವಾರ ರಾತ್ರಿಯ ರೊಟ್ಟಿಯೇ ಕಡೆ, ಈಗ ಮಂಗಳವಾರ ಮಧ್ಯಾಹ್ನ. ಹನಿ ನೀರು ಬಾಯಿಗೆ ಹಾಕಿಲ್ಲ. ಮೇಲಿಂದ ಸಕ್ಕರೆ ಕಾಯಿಲೆ.

ಆದದ್ದು ಇಷ್ಟು. ಭಾನುವಾರ ಸಂಜೆ ಅತ್ತೆ, ಲಿಂಗ ಇಟ್ಟು ಕೊರಳಿಗೆ ಹಾಕಿಕೊಳ್ಳೋ ತಮ್ಮ ಬೆಳ್ಳಿಯ ಕರಡಿಗೆಗೆ ಹೊಸ ಶಿವದಾರ ಹಾಕಿದರು. ದಾರ ಹಾಕುವ ಮೊದಲು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದದ್ದಕ್ಕೆ ಕರಡಿಗೆ ಒಳಗೆಲ್ಲ ತೇವ. ಅದು ಕಿಟಕಿಯ ಹತ್ತಿರ ಒಣಗಲಿ ಅಂತಿಟ್ಟು, ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದರು. ಬೆಳಕು ಹರಿಯೋ ಮೊದಲೇ ಫೋನ್ ಬಂತು. ನಮ್ಮ ರಾಂಚೊ ಬರ್ನಾರ್ಡೊದಲ್ಲಿರೋರೆಲ್ಲ ಈಗಿಂದೀಗಲೇ ಮನೆ ಬಿಡಿ ಅಂತ. ಹೊರಗೆ ನೋಡಿದರೆ ಕಾಡ್ಗಿಚ್ಚಿಗೆ ಗುಡ್ಡದ ಬೆನ್ನು ಕೆಂಪಗಿತ್ತು. ನನ್ನ ಗಂಡ ಸಿದ್ಧಲಿಂಗೇಶ ಪಾಸ್‌ಪೋರ್ಟು, ಲ್ಯಾಪ್‌ಟಾಪು ಬಾಚಿಕೊಂಡ. ಕಿಟಕಿಯಲ್ಲಿದ್ದ ಕರಡಿಗೆ ಎತ್ತಿಕೊಂಡು, “ಅವ್ವಾ, ನಿನ್ನ ಲಿಂಗ ತಗೊಂಡೀನಿ, ನಡಿ ನಡಿ” ಅಂದ. ಅರೆನಿದ್ದೆಯಲ್ಲಿದ್ದ ಅತ್ತೆ, ಮಗ ದಿಂಬಿನ ಕೆಳಗಿಂದ ತೆಗೆದು ಕರಡಿಗೆಯೊಳಗೆ ಇಟ್ಟಿದ್ದಾನೆ ಅಂದುಕೊಂಡರು. ಕಾರಿನಲ್ಲಿ ಕೊರಳಿಗೆ ಹಾಕಿಕೊಂಡು ಕಣ್ಣಿಗೂ ಒತ್ತಿಕೊಂಡರು.

ಇಲ್ಲಿ ಮೀರಾ ಮೇಸಾದ ಕ್ರಿಸ್ಪಿನಾಳ ಮನೆಗೆ ಬಂದು, ಸ್ನಾನ ಮಾಡಿ, ಪೂಜೆಗೆ ಕೂತು ತೆಗೆದರೆ ಕರಡಿಗೆ ಖಾಲಿ.

ಲಿಂಗಪೂಜೆ ಆಗದೆ ಅತ್ತೆ ನೀರು ಮುಟ್ಟೋರಲ್ಲ. ಮದುವೆಯ ದಿನ ಮುಟ್ಟಿಲ್ಲ, ಗಂಡ ಹೋದ ದಿನ ಮುಟ್ಟಿಲ್ಲ. ಊರಲ್ಲಾಗಿದ್ದರೆ ಮಠಕ್ಕೆ ಓಡಿ ಅಯ್ಯನವರನ್ನು ಕೇಳಬಹುದಿತ್ತು. ಇಲ್ಲಿ ನಮಗೆ ಗೊತ್ತಿದ್ದ ಕನ್ನಡದೋರೆಲ್ಲ ನಮ್ಮ ಹಾಗೇ ಕಾರಿನಲ್ಲಿ ದಿಂಬು ಹೊದಿಕೆ ತುಂಬಿಕೊಂಡು ದಿಕ್ಕಿಗೊಬ್ಬರಾಗಿದ್ದರು. ಹೋಟೆಲುಗಳಲ್ಲಿ ಜಾಗವಿಲ್ಲ. ಹಾಗಾಗಿಯೇ ಕ್ರಿಸ್ಪಿನಾಳ ಮನೆ. ಪುಣ್ಯಾತ್ಗಿತ್ತಿ ನಮಗೋಸ್ಕರ ಅಂಗಡಿಗೆ ಹೋಗಿ ಹೊಸ ಪಾತ್ರೆ ತಂದಿದ್ದಳು. ಅತ್ತೆಗೆ ಕಾಣಲಿ ಅಂತಲೇ ಅದರ ಚೀಟಿ ಕಿತ್ತಿರಲಿಲ್ಲ.

ಗಂಡ ಸಿದ್ದು ಮಾತ್ರ ಕೂತಲ್ಲಿ ಕೂರುತ್ತಿರಲಿಲ್ಲ. ನಿನ್ನೆ ಲಿಂಗ ತರ್ತೀನಿ ಅಂತ ಫ್ರೀವೇ ತನಕ ಹೋಗಿ ಪೊಲೀಸರ ಹತ್ತಿರ ಬೈಸಿಕೊಂಡು ಬಂದ. ಬೆಳಗ್ಗೆ ಇನ್ನೊಂದು ಕಡೆಯಿಂದ ಹೋಗಿ ವಾಪಸ್ಸು. ಈಗ ಬಾಗಿಲಿಂದ ಸಿಂಕಿಗೆ, ಸಿಂಕಿಂದ ಬಾಗಿಲಿಗೆ. ಪಕ್ಕದ ಮನೆಯ ಗಿರೀಶ, ನಮ್ಮ ಬೀದಿ ಉಳಿದಿದೆಯೋ ಇಲ್ಲವೋ ವಿಚಾರಿಸಿ ಫೋನ್ ಮಾಡ್ತೀನಿ ಅಂದಿದ್ದ. ಆ ಫೋನನ್ನು ಮೇಜಿನ ನಡುವೆ ಇಟ್ಟು ಹೋಗಿ ಬಂದು ನೋಡೋದು. ನಡುವೆ ನಾರ್ತ್‌ರಿಜ್‌ನಲ್ಲಿ ಓದುವ ಮಗಳು ಮೇಘಾ ಫೋನ್ ಮಾಡ್ತಿದ್ದಳು. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ. ಕಡೆಗೆ ಒಂದೇ ಪ್ರಶ್ನೆ, ಅಜ್ಜಿ ಏನಾದರೂ ತಿಂದರಾ?

“ಅವ್ವಾ, ಒಂದ್ ಗುಟುಕು ನೀರರ ಕುಡಿ. ದೇವ್ರು ಏನೂ ಅನ್ನೂದಿಲ್ಲ,” ಅಂದ ಸಿದ್ದು.

“ಅವ ಅನ್ನೂದಿಲ್ಲೋ. ನಾ ಅಂತೇನಿ.”

ಕ್ರಿಸ್ಪಿನಾ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು. ಊರಲ್ಲಿದ್ದಾಗ ಅವಳು ನರ್ಸ್. “ನೋಡು ನಮ್ರತಾ, ಸಂಜೆ ತನಕ ಕಾಯೋ ಹಾಗಿಲ್ಲ. ಹೀಗೇ ಇದ್ದರೆ ನಾನೇ ಆಸ್ಪತ್ರೆಗೆ ಕರಕೊಂಡು ಹೋಗಿ ಡ್ರಿಪ್ ಹಾಕಿಸ್ತೀನಿ. ನನ್ನ ಮೇಲೆ ಕೂಗಾಡಲಿ.”

“ಏನಂತಾಳ ಆಕಿ?” ಅತ್ತೆಯ ಕಿವಿ ಮಾತ್ರ ಚುರುಕಾಗಿತ್ತು.

“ತಮ್ಮೂರಿನ ಸುದ್ದಿ, ಅತ್ತೆ.”

“ಹೇಳಂತನ್ನು. ಕೇಳ್ಕೋತ ಕುಂದ್ರತೇನಿ.”

ಸುಳ್ಳು ಹೇಳಿದ ಮೇಲೆ ಮುಗೀತಲ್ಲ. ಕ್ರಿಸ್ಪಿನಾ ಕುರ್ಚಿ ಎಳೆದುಕೊಂಡಳು. ಅವಳಿಗೂ ಊರಿನ ಮಾತು ಅಂದರೆ ಸಾಕು.

“ನಮ್ಮ ಬಿತ್ಯಾಗ್ ಒಂದು ಮುನ್ಸಿಪಾಲಿಟಿ. ಮುನ್ಸಿಪಾಲಿಟಿ ಅಂದ ತಕ್ಷಣ ನಲ್ಲಿ, ಚರಂಡಿ, ಬೀದಿದೀಪ ಅಂದುಕೋಬೇಡಿ. ತಗಡಿನ ಮಾಡಿನ ಒಂದು ಟೌನ್‌ಹಾಲು, ಎದುರಿಗೆ ಬ್ಯಾಸ್ಕೆಟ್‌ಬಾಲ್ ಕೋರ್ಟು, ಸುತ್ತ ಬೆಟ್ಟ. ಬೆಟ್ಟಕ್ಕೆ ಮೆಟ್ಟಿಲು ಕಡಿದ ಹಾಗೆ ಗದ್ದೆ. ಕೊಯ್ಲಾದ ಮೇಲೆ ಕೋರ್ಟಿನ ತುಂಬ ಭತ್ತ ಒಣಗಿಸ್ತಾರೆ, ಆಟ ಆಡೋರು ಕೋಳಿ ಓಡಿಸ್ತಾರೆ. ದಿನಕ್ಕೊಂದು ಜೀಪು. ಒಳಗೆ ಎಲೆಕೋಸು, ಮೇಲೆ ಜನ. ಮಳೆ ಜಾಸ್ತಿಯಾದರೆ ರಸ್ತೆ ಜಾರಿ ಹೊಳೆಗೆ ಹೋಗಿ ಮಲಗಿಕೊಳ್ಳುತ್ತೆ. ಮೇಯರ್ ಬಂದು ನೋಡಿ ತಲೆ ಅಲ್ಲಾಡಿಸಿ ಹೋಗ್ತಾನೆ. ಮೇಯರ್ ನನ್ನ ಸೋದರಮಾವನ ಮಗ. ಅವನ ಎದುರು ನಿಂತು ಸೋತವನೂ ಸೋದರಮಾವನ ಮಗನೇ.”

“ನಮ್ಮ ಪಂಚಾಯ್ತಿನ ಬಿಡು,” ಅಂದರು ಅತ್ತೆ. ದನಿ ಒಣಗಿತ್ತು, ಆದರೂ ಅಂದರು. “ದವಾಖಾನಿ?”

“ಒಂದಿದೆ. ನರ್ಸ್ ಒಬ್ಬಳಿದ್ದಳು. ನಾನು.” ಕ್ರಿಸ್ಪಿನಾ ಮೇಜಿನ ಮೇಲೆ ಇಲ್ಲದ ಧೂಳು ಒರೆಸಿದಳು. “ನಾನೂ ಬಂದುಬಿಟ್ಟೆ.”

ಕಿಟಕಿಯಾಚೆ ಬೂದಿ ಉದುರುತ್ತಿತ್ತು. ಸಿದ್ದು ಹೊರಗೆ ಹೋಗಿ ಕಾರಿನ ಗಾಜು ಒರೆಸಿ ಬಂದ. ನಿನ್ನೆಯಿಂದ ಅದೆಷ್ಟು ಸಲ ಒರೆಸಿದನೋ.

ಅಷ್ಟರಲ್ಲಿ ಅಪೋ ಬುಗನ್ ತಾವಾಗಿಯೇ ಏನೋ ಶುರು ಮಾಡಿದರು. ಕೈಯಲ್ಲಿ ನಾಲ್ಕು ಕಂಬ ತೋರಿಸಿದರು, ಮೇಲೊಂದು ಗುಡಿಸಲು ತೋರಿಸಿದರು.

“ಹಂದಿ ಆದ ಮೇಲೆ ಕಣಜದ ದೇವರನ್ನು ತರ್ತೀವಿ ಅಂತಿದ್ದಾಳೆ,” ಅಂದಳು ಕ್ರಿಸ್ಪಿನಾ. “ನಿಮ್ಮ ಪ್ರಶ್ನೆಗೆ ಅವಳ ಉತ್ತರ ಇನ್ನೂ ಮುಗಿದಿಲ್ಲ. ಕಂಬದ ಮೇಲೆ ನಮ್ಮ ಭತ್ತದ ಕಣಜ. ಅದರೊಳಗೆ ಮರದ ದೇವರು ಮೊಣಕಾಲು ಮಡಚಿ ಕೂತಿರ್ತಾನೆ, ಭತ್ತ ಕಾಯ್ತಾನೆ.”

“ನಮ್ಮಲ್ಲಿ ನೆಲದಾಗ ಹಗೇವು, ಇವ್ರದ್ದು ಮುಗಿಲಾಗ,” ಅಂದರು ಅತ್ತೆ ನನಗೆ. “ಮುಂದ?”

“ನನ್ನ ತಾತನ ಕಾಲದ ದೇವರು. ಒಂದು ಬೆಳಗ್ಗೆ ನೋಡಿದರೆ ಕಣಜದ ಬಾಗಿಲು ತೆಗೆದಿತ್ತು. ಭತ್ತ ಇದ್ದ ಹಾಗೇ ಇದೆ, ದೇವರಿಲ್ಲ. ಅಂಥವನ್ನು ಕೊಳ್ಳೋರು ಪೇಟೆಯಿಂದ ಬರ್ತಾ ಇದ್ದರು. ಕದ್ದವರು ಯಾರು ಅಂತ ಊರಿಗೆಲ್ಲ ಗೊತ್ತು, ಯಾರೂ ಹೇಳಲ್ಲ. ಎಲ್ಲರೂ ನೆಂಟರೇ.”

ಅತ್ತೆ ಮೇಜಿನ ಮೇಲಿದ್ದ ಖಾಲಿ ಕರಡಿಗೆಯ ಮೇಲೆ ಕೈಯಿಟ್ಟರು. “ಹುಡುಕಲಿಲ್ಲೇನು?”

ಈ ಪ್ರಶ್ನೆ ಅಪೋ ಬುಗನ್ ಹತ್ತಿರ ಹೋಗಿ ಬರಲೇ ಇಲ್ಲ. ಕ್ರಿಸ್ಪಿನಾಳೇ ಬಾಯಿ ಮುಚ್ಚಿಕೊಂಡು ನಗಾಡಿದಳು. “ಅಯ್ಯೋ, ಅದನ್ನು ಕೇಳಬೇಡಿ! ಹೋದ ವರ್ಷ ಲಾಸ್ ಏಂಜಲೀಸಿನ ಒಂದು ಮ್ಯೂಸಿಯಮ್ಮಿಗೆ ಕರಕೊಂಡು ಹೋಗಿದ್ದೆ. ಡ್ರೈವ್ ಮಾಡಿ ನನ್ನ ಸೊಂಟ ಹೋಗಿತ್ತು, ನಾನು ಬೆಂಚು ಹುಡುಕ್ತಾ ಇದ್ದೆ. ತಿರುಗಿ ನೋಡ್ತೀನಿ, ಇವಳು ಗಾಜಿನ ಪೆಟ್ಟಿಗೆ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಒಳಗೆ ಕಣಜದ ದೇವರು. ಇವಳು ಅವನ ಹತ್ತಿರ ಮಾತಾಡ್ತಿದ್ದಾಳೆ, ಜೋರಾಗಿ. ಕರ್ಚೀಫಿನ ಗಂಟಿನಿಂದ ಅಕ್ಕಿ ತೆಗೆದು ಗಾಜಿನ ಮುಂದೆ ಇಟ್ಟಿದ್ದಾಳೆ. ಕಾವಲಿನವನು ಓಡಿ ಬಂದ. ಮೇಡಂ, ಇಲ್ಲಿ ಆಹಾರ ತರೋ ಹಾಗಿಲ್ಲ!”

ಸಿದ್ದು ಕೂಡ ನಿಂತ. ನಿನ್ನೆಯಿಂದ ಮೊದಲ ಸಲ ನಿಂತದ್ದು.

ಅತ್ತೆ ನಗಲಿಲ್ಲ. ಮುಂದಕ್ಕೆ ಬಾಗಿ, ನನ್ನನ್ನೂ ಕ್ರಿಸ್ಪಿನಾಳನ್ನೂ ಬಿಟ್ಟು, ನೇರ ಅಪೋ ಬುಗನ್ ಮುಖ ನೋಡಿ ಕೇಳಿದರು. “ಕಳವಾದವನ ಏನು ಅವ? ನಿಮ್ಮವನ ಏನು?”

ಕ್ರಿಸ್ಪಿನಾ ತಿರುಗಿಸಿ ಹೇಳುವ ಮೊದಲೇ ಆ ಮುದುಕಿ ತಲೆಯಾಡಿಸಿದರು. ಅಲ್ಲ. ಮುಖ ಬೇರೆ, ಕಿವಿ ಬೇರೆ, ಯಾವುದೋ ಬೇರೆ ಊರಿನವನು.

“ಮತ್ತ ಅಕ್ಕಿ ಯಾಕ ಇಟ್ಟಿ?”

ಉತ್ತರ ನಿಧಾನವಾಗಿ ಬಂತು, ಎರಡು ಭಾಷೆ ದಾಟಿ. “ಯಾರ ಮನೆಯವನೋ. ನನ್ನ ಹಾಗೇ ದೂರ ಬಂದಿದ್ದಾನೆ. ಹಸಿದಿರ್ತಾನೆ ಅಂತ.”

ಅತ್ತೆ ಕರಡಿಗೆಯ ಮುಚ್ಚಳ ತೆಗೆದರು, ಮುಚ್ಚಿದರು. ಮತ್ತೆ ತೆಗೆದರು. ಆಮೇಲೆ ನನ್ನ ಕಡೆ ತಿರುಗಿದರು.

“ನಮ್ರತಾ, ನಿನ್ನ ವ್ಯಾನಿಟಿ ಬ್ಯಾಗ್ ತಾ.”

ನನಗೆ ಅರ್ಥವಾಯಿತು. ನನ್ನ ಲಿಂಗ ಅದರಲ್ಲಿದೆ. ಒಳಗಿನ ಜಿಪ್ಪಿನಲ್ಲಿ, ಕಾರಿನ ಇನ್ಶೂರೆನ್ಸ್ ಕಾರ್ಡಿನ ಪಕ್ಕ. ಊರಿಂದ ಬಂದಾಗಲೆಲ್ಲ ಅತ್ತೆ ಚುಚ್ಚೋರು, ಕೊರಳಾಗ ಇರೂದು ಲಿಪ್‌ಸ್ಟಿಕ್ ಜೋಡಿ ಇಟ್ಟಾಳ ಅಂತ. ತಂದು ಕೊಟ್ಟೆ. ಅವರು ಮುಟ್ಟಲಿಲ್ಲ.

“ನನಗಲ್ಲವಾ. ನಿನ್ನ ಲಿಂಗ ನಾ ಪೂಜಾ ಮಾಡಾಕ ಬರೂದಿಲ್ಲ. ನೀ ಮಾಡು. ನಾ ಎದುರಿಗೆ ಕುಂತು ನೋಡ್ತೇನಿ. ಅದೂ ಹಸದಿರತೈತಿ.”

“ನನಗೆ ಸರಿಯಾಗಿ ಬರಲ್ಲ ಅತ್ತೆ.”

“ಗೊತ್ತೈತಿ. ಮೊದಲ ಹೋಗಿ ಮೈ ತೊಳಕೊಂಡು ಬಾ.”

ಬಂದೆ. ಅವರ ಗುಳಿಗೆ ಚೀಲದಲ್ಲಿ ವಿಭೂತಿ ಗಟ್ಟಿ ಇತ್ತು. ಹೂವಿಗೆ ಕ್ರಿಸ್ಪಿನಾ ಹಿತ್ತಲಿಗೆ ಓಡಿ ಬೂದಿ ಕೂತಿದ್ದ ಬೊಗೆನ್‌ವಿಲ್ಲಾ ಕಿತ್ತು, ನಲ್ಲಿ ಕೆಳಗೆ ಹಿಡಿದು ತಂದಳು. ಹೊಸ ಬಟ್ಟಲಲ್ಲಿ ನೀರು. ಅತ್ತೆ, ನಾನು ನೆಲದ ಮೇಲೆ ಎದುರುಬದುರು ಕೂತೆವು. ನಾನು ಎಡಗೈಯಲ್ಲಿ ಲಿಂಗ ಇಟ್ಟುಕೊಂಡೆ.

“ಅಷ್ಟ್ಯಾಕ ಎತ್ತಿ ಹಿಡಿದಿ, ಸಾಬಾಣ ಮಾರತೀಯೇನು? ಎದಿ ಹತ್ರ ತಾ.”

ತಂದೆ.

“ನೀರು ಸಣ್ಣಾಗಿ ಬಿಡು. ಕಾರ್ ತೊಳ್ಯಾಕ್ಹತ್ತಿಲ್ಲ ನೀ. ಹಾಂ. ಈಗ ವಿಭೂತಿ. ಈಗ ಹೂವು. ಈಗ ಸುಮ್ಮನ ನೋಡು. ಅದನ್ನ ನೋಡವಾ, ನನ್ನಲ್ಲ.”

ನೋಡಿದೆ. ಅತ್ತೆಯೂ ನೋಡುತ್ತಿದ್ದರು. ಅವರ ತುಟಿ ಆಡುತ್ತಿತ್ತು, ಎಡಗೈ ಮಡಿಲಲ್ಲಿ ಅಂಗೈ ಮೇಲಾಗಿ ಖಾಲಿ ತೆರೆದಿತ್ತು. ಅಪೋ ಬುಗನ್ ಎದ್ದು, ಕರ್ಚೀಫಿನ ಗಂಟು ಬಿಚ್ಚಿ, ನಾಲ್ಕು ಕಾಳು ಅಕ್ಕಿ ತಂದು ನನ್ನ ಮೊಣಕಾಲ ಹತ್ತಿರ ಇಟ್ಟರು. ಈ ಮನೆಯ ಅಕ್ಕಿ, ಹಂದಿ ಬೇಯುವ ಅಡಿಗೆಮನೆಯ ಅಕ್ಕಿ. ನಾನು ಅತ್ತೆಯ ಮುಖ ನೋಡಿದೆ.

“ಇರ್ಲಿ ಬಿಡು,” ಅಂದರು. ಕಾಲು ಸ್ವಲ್ಪ ಸರಿಸಿ ಅದಕ್ಕೆ ಜಾಗ ಮಾಡಿದರು. “ಆತು. ಆ ನೀರು ಇತ್ತ ಕೊಡು.”

ಬಟ್ಟಲು ಕೈಗಿತ್ತೆ. ಆಗಲೇ ಮೇಜಿನ ಮೇಲಿನ ಫೋನು ಬಡಕೊಳ್ಳತೊಡಗಿತು. ಗಿರೀಶ. ಸಿದ್ದು ಎರಡು ಹೆಜ್ಜೆ ಹಾರಿ ಬಂದವನು, ಫೋನಿನ ಮೇಲೆ ಕೈಯಿಟ್ಟು, ತಾಯಿಯ ಕಡೆ ನೋಡಿ ಹಾಗೇ ನಿಂತುಬಿಟ್ಟ. ಫೋನು ಅವನ ಅಂಗೈ ಕೆಳಗೆ ಗುಂಯ್‌ಗುಡುತ್ತಲೇ ಇತ್ತು. ಅತ್ತೆ ಮೊದಲ ಗುಟುಕು ನುಂಗಿ, ಕಣ್ಣು ಮುಚ್ಚಿ, ಬಟ್ಟಲನ್ನು ಮತ್ತೆ ತುಟಿಗೆ ಎತ್ತಿದರು.