ಕುಂಕುಮದ ಕಡೆಯವರು

ಪುಣೆ ಹತ್ತಿರದ ಭೋಸರಿಯಲ್ಲಿ, ಕನ್ನಡದವರೇ ತುಂಬಿದ್ದ ನಮ್ಮ ಚಾಳಿನಲ್ಲಿ ಒಂದು ಮಾತು ಮೂರು ಬಾಗಿಲು ದಾಟುವಷ್ಟರಲ್ಲಿ ಕಾಯ್ದೆಯಾಗಿಬಿಡುತ್ತಿತ್ತು. ಯಾರು ಹೇಳಿದರು, ಯಾರು ಕಂಡರು ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ಎಪ್ಪತ್ತೊಂದನೇ ಇಸವಿಯ ಮಳೆಗಾಲದಲ್ಲಿ ನಿಭಾ ಎಂಬ ಬಂಗಾಲಿ ಹುಡುಗಿ ನಮ್ಮಲ್ಲಿಗೆ ಬಂದಾಗಲೂ ಹಾಗೆಯೇ ಆಯಿತು. ಅವಳು ಬಂದದ್ದು ಬೆಳಿಗ್ಗೆ. ಮಧ್ಯಾಹ್ನದ ಹೊತ್ತಿಗೆ ನಾವು ಅವಳನ್ನು ವಿಧವೆ ಮಾಡಿ ಮುಗಿಸಿದ್ದೆವು.

ಕರೆತಂದವನು ಲೋಕನಾಥ. ನಮ್ಮ ಚಾಳಿನ ಶಿವಬಸವ್ವನ ಗಂಡ ಸಿದ್ದಲಿಂಗಪ್ಪನವರು ಗುಮಾಸ್ತರಾಗಿದ್ದ ಕಾರ್ಖಾನೆಯಲ್ಲಿ ಅವನು ಫಿಟ್ಟರ್. ನಿಭಾಳ ಗಂಡ ಹರಿಪದನಿಗೆ ಸೋದರಮಾವ. ಆಗ ಪೂರ್ವ ಪಾಕಿಸ್ತಾನದಲ್ಲಿ ಸೈನ್ಯ ಊರಿಗೆ ಊರೇ ಸುಡುತ್ತಿತ್ತು. ಹರಿಪದ ಖುಲ್ನಾ ಕಡೆಯ ಒಂದು ಹೊಳೆದಂಡೆಯ ಊರಿನಲ್ಲಿ ದೋಣಿ ಕಟ್ಟುವ ಬಡಗಿ. ಊರು ಬಿಟ್ಟು ಓಡುವಾಗ ಗುಂಡಿನ ಸದ್ದಿಗೆ ಗುಂಪು ಚದುರಿ ಗಂಡ ಒಂದು ದಿಕ್ಕು, ಹೆಂಡತಿ ಒಂದು ದಿಕ್ಕು ಆದರು. ನಿಭಾ ಯಾರದೋ ಬೆನ್ನು ಹಿಡಿದು ನಡೆದು ಗಡಿ ದಾಟಿ ಶಿಬಿರ ಸೇರಿದ್ದಳು. ಸುದ್ದಿ ತಿಳಿದ ಲೋಕನಾಥ ರಜೆ ಹಾಕಿ ಹೋಗಿ ಕರೆತಂದ. ತಂದದ್ದೇನೋ ಸರಿ, ಇರಿಸುವುದೆಲ್ಲಿ? ಅವನಿದ್ದದ್ದು ಗಂಡಸರೇ ತುಂಬಿದ ಒಂದು ಕೋಣೆಯಲ್ಲಿ. ಶಿವಬಸವ್ವ ಹಿಂದೆ ಮುಂದೆ ನೋಡದೆ, "ನಮ್ಮನ್ಯಾಗ ಇರಲಿ ಬಿಡ್ರಿ. ಒಂದು ರೊಟ್ಟಿ ಹೆಚ್ಚಿಗಿ ಬಡದ್ರಾತು," ಎಂದಳು.

ಅಳಿಯನ ಮಾತು ಬಂದಾಗ ಲೋಕನಾಥ "ಪತ್ತೆ ಇಲ್ಲ" ಎಂದು ಹೇಳಿ ಕಣ್ಣೊರೆಸಿಕೊಂಡ. ನಾವು ಹುಡುಗಿಯ ಕೊರಳು ನೋಡಿದೆವು. ತಾಳಿ ಇಲ್ಲ. ಕೈಯಲ್ಲಿ ಬಳೆ ಇಲ್ಲ, ಕಾಲಲ್ಲಿ ಉಂಗುರ ಇಲ್ಲ, ಹಣೆಯಲ್ಲಿ ಕುಂಕುಮ ಇಲ್ಲ. ಪಾಪ, ಬಾಯಿಬಿಟ್ಟು ಹೇಳಲಾರದೆ ಪತ್ತೆ ಇಲ್ಲ ಅನ್ನುತ್ತಾನೆ ಎಂದುಕೊಂಡೆವು. ಚಾಳಿಗೆಲ್ಲ ಹಿರಿಯಳಾದ ರುದ್ರವ್ವ "ಎಳೀ ವಯಸ್ಸು" ಎಂದು ಲೊಚಗುಟ್ಟಿದಳು. ಅಲ್ಲಿಗೆ ತೀರ್ಪು ಆಯಿತು.

ಪುಣೆ ಪೇಟೆಯಲ್ಲಿ ನಿರಾಶ್ರಿತರ ಸಲುವಾಗಿ ಒಂದು ಪರಿಹಾರ ಸಮಿತಿ ಇತ್ತು. ಸಿದ್ದಲಿಂಗಪ್ಪನವರು ಅಲ್ಲಿಗೆ ಹೋಗಿ, ನಮ್ಮನೆಯಲ್ಲಿ ಒಬ್ಬ ವಿಧವೆ ಹುಡುಗಿ ಇದ್ದಾಳೆ ಎಂದು ಹೇಳಿ ಬಂದರು. ಸಮಿತಿಯವರು ಒಂದು ಕಂಬಳಿ, ಹಾಲಿನ ಪುಡಿ, ಮತ್ತೆ ಎರಡು ಬಿಳಿ ಸೀರೆ ಕೊಟ್ಟರು. ನಿಭಾ ಸೀರೆಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡುತ್ತ ನಿಂತಳು. ಉಟ್ಟುಕೊಳ್ಳಲು ಬೇರೆ ಏನೂ ಇರಲಿಲ್ಲ. ಉಟ್ಟಳು.

ಹಾಗಂತ ಅವಳನ್ನು ನಾವು ಕಡೆಗಣಿಸಲಿಲ್ಲ. ಈ ಮಾನಮ್ಮ, ಅಂದರೆ ನಾನೇ, ಅವಳಿಗೆ ರೊಟ್ಟಿ ಬಡಿಯುವುದನ್ನು ಕಲಿಸಿದೆ. ಅನ್ನ ಮೀನು ಉಂಡು ಬೆಳೆದವಳು ಜೋಳದ ರೊಟ್ಟಿಯನ್ನು ಹಪ್ಪಳ ಕಡಿದಂತೆ ಕಡಿಯುತ್ತ, ಖಾರಕ್ಕೆ ಮೂಗು ಒರೆಸುತ್ತ, ಆದರೂ ನಗುತ್ತ ಉಣ್ಣುತ್ತಿದ್ದಳು. ಶಿವಬಸವ್ವನನ್ನು "ಅವ್ವಾ" ಎಂದು ಕರೆಯತೊಡಗಿದಳು. ಹೂವು ಕುಂಕುಮ ಕಂಡು ಆ ಜೀವ ನೊಂದೀತು ಎಂದು ನಾವೇ ಅವನ್ನು ಅವಳಿಂದ ದೂರ ಇಡುತ್ತಿದ್ದೆವು. ನಮ್ಮ ಪ್ರಕಾರ ಅದು ಅಂತಃಕರಣ.

ದಸರಾ ಬಂತು. ಶಿವಬಸವ್ವನ ಮನೆಯಲ್ಲಿ ಮುತ್ತೈದೆಯರಿಗೆ ಉಡಿ ತುಂಬುವ ವಾಡಿಕೆ. ಹನ್ನೆರಡು ಅಡಿಯ ಕೋಣೆಯಲ್ಲಿ ಚಾಳಿನ ಹೆಂಗಸರೆಲ್ಲ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ಕೂತೆವು. ನಿಭಾ ತಾನಾಗಿ ಬಂದು ಸಾಲಿನ ಕೊನೆಯಲ್ಲಿ ಕೂತು ಸೆರಗು ಸರಿ ಮಾಡಿಕೊಂಡಳು. ಅವಳ ಮುಖ ಅಂದು ಹೊಳೆಯುತ್ತಿತ್ತು. ಕುಂಕುಮದ ಬಟ್ಟಲು ಒಬ್ಬೊಬ್ಬರ ಹಣೆ ದಾಟಿ ಬಂತು, ನನ್ನ ಹಣೆಗೂ ಬಂತು, ನನ್ನ ಪಕ್ಕದ ಅವಳನ್ನು ಬಿಟ್ಟು ದೇವರ ಗೂಡಿಗೆ ಹೋಯಿತು. ಉಡಿಯ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು ಹಾಗೆಯೇ. ರುದ್ರವ್ವ ಮಾತ್ರ ಪ್ರೀತಿಯಿಂದ ಅವಳ ತಲೆ ಸವರಿದಳು. ನಿಭಾ ಎದ್ದು ಒಳಗೆ ಹೋದಳು.

ಅಂದಿನಿಂದ ಅವಳು ಅನ್ನ ಮುಟ್ಟಲಿಲ್ಲ. ಹಬ್ಬಕ್ಕೆ ತವರು ನೆನಪಾಗಿದೆ ಎಂದೆವು. ಹೊಟ್ಟೆ ಕೆಟ್ಟಿದೆ ಎಂದು ಓಮಿನ ಕಷಾಯ ಮಾಡಿದೆವು. ದೃಷ್ಟಿ ತಗಲಿದೆ ಎಂದು ಮೆಣಸಿನಕಾಯಿ ನಿವಾಳಿಸಿದೆವು. ಅವಳು ಗೋಡೆಗೆ ಮುಖ ಮಾಡಿ ಮಲಗಿದವಳು ಏಳಲಿಲ್ಲ, ತುಟಿ ಒಣಗಿ ಬಿರಿದವು. ಶಿವಬಸವ್ವನಿಗೆ ಹೆದರಿಕೆಯಾದರೆ ಸಿಟ್ಟು ಬರುತ್ತದೆ. ಪಾತ್ರೆಗಳನ್ನು ಕುಕ್ಕಿದಳು, ಗಂಡನನ್ನು ಬೈದಳು, ಆಮೇಲೆ ಕಾರ್ಖಾನೆಯ ಗೇಟಿಗೇ ಹೋಗಿ ಲೋಕನಾಥನನ್ನು ಕರೆದುಕೊಂಡು ಬಂದಳು.

ಅಲ್ಲೊಂದು ಪೇಚು ಇತ್ತು. ಅವರ ಕಡೆ ಗಂಡನ ಸೋದರಮಾವನ ಮುಂದೆ ಸೊಸೆ ಮುಖ ತೋರುವಂತಿಲ್ಲ, ನೇರವಾಗಿ ಮಾತಾಡುವಂತಿಲ್ಲ. ಲೋಕನಾಥ ಬಂದಾಗಲೆಲ್ಲ ಹೊರಗೆ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತು, ಚಹಾ ಕುಡಿದು ಹೋಗುತ್ತಿದ್ದ. ಅವಳು ಬಿಳಿ ಸೀರೆ ಉಟ್ಟದ್ದನ್ನೂ ಅವನು ಕಂಡಿರಲಿಲ್ಲ. ಶಿವಬಸವ್ವ ಅವನನ್ನು ಹೊಸ್ತಿಲ ಹೊರಗೆ ಕೂರಿಸಿ, ನಿಭಾಳನ್ನು ಒಳಗೆ ಎಬ್ಬಿಸಿ ಕೂರಿಸಿ, ನಡುವೆ ತಾನು ನಿಂತಳು. "ಆಕಿಗೆ ಏನು ಬೇಕು ಕೇಳ್ರಿ. ಗ್ವಾಡಿಗೆ ಹೇಳಲಿ, ಕಂಬಕ್ಕ ಹೇಳಲಿ, ಇವತ್ತು ಬಾಯಿ ಬಿಡಬೇಕು," ಎಂದಳು.

ನಿಭಾ ನಿಜವಾಗಿಯೂ ಗೋಡೆಗೇ ಹೇಳಿದಳು. ಸಣ್ಣ ದನಿಯಲ್ಲಿ ಒಂದೇ ಮಾತು. ಲೋಕನಾಥ ತಟ್ಟನೆ ಎದ್ದು ನಿಂತ.

ಅವನ ಹಿಂದಿ ಅರ್ಧ, ನಮ್ಮ ಹಿಂದಿ ಕಾಲು. ಆದರೂ ತಿಳಿಯಿತು. ಅವಳು ಕೇಳಿದ್ದು ಇಷ್ಟು: "ನನ್ನ ಗಂಡ ಸತ್ತ ಸುದ್ದಿ ಯಾವತ್ತು ಬಂತು? ತಿಥಿ ಹೇಳಿದರೆ ಕರ್ಮವನ್ನಾದರೂ ಮಾಡುತ್ತೇನೆ."

"ಸುದ್ದಿ ಎಲ್ಲಿ ಬಂತು?" ಎಂದು ಲೋಕನಾಥ ನಮ್ಮನ್ನು ಕೇಳಿದ.

"ಆಕಿ ಕೊರಳಾಗ ತಾಳಿ ಇಲ್ಲಲ್ರಿ ಮತ್ತ?" ಎಂದಳು ರುದ್ರವ್ವ.

ಆಗ ಅವನು ತನಗೆ ಗೊತ್ತಿದ್ದದ್ದನ್ನೂ ಅವಳು ಗೋಡೆಗೆ ಹೇಳಿದ್ದನ್ನೂ ಸೇರಿಸಿ ಹೇಳಿದ. ಅವರ ದೇಶದಲ್ಲಿ ತಾಳಿ ಎಂಬುದೇ ಇಲ್ಲ. ಮದುವೆಯಾದವಳ ಗುರುತು ಕೈಯಲ್ಲಿ ಶಂಖದ ಬಳೆ, ಬೈತಲೆಯಲ್ಲಿ ಸಿಂಧೂರ. ದಾರಿಯಲ್ಲಿ ಕೊಲ್ಲುವವರು ಆ ಗುರುತು ನೋಡಿಯೇ ಹಿಂದೂ ಎಂದು ಹಿಡಿಯುತ್ತಿದ್ದರು. ಅದಕ್ಕೇ ಹೆಂಗಸರು ಬಳೆ ಒಡೆದು ಸಿಂಧೂರ ಒರೆಸಿಕೊಂಡು ನಡೆದರು. ನಿಭಾಳ ಬಳೆಯನ್ನು ಹರಿಪದನೇ ಕಲ್ಲಿನಿಂದ ಒಡೆದು, ದಾಟಿದ ಮೇಲೆ ಹೊಸದು ಕೊಡಿಸುತ್ತೇನೆ ಎಂದಿದ್ದನಂತೆ. ಸಿಂಧೂರವನ್ನು ಹಿರಿಯ ಮುತ್ತೈದೆ ಯಾರಾದರೂ ಇಟ್ಟಾರು ಎಂದು ಅವಳು ಕಾಯುತ್ತಿದ್ದಳು. ನಾವು ಮೊದಲು ಬಿಳಿ ಸೀರೆ ಕೊಡಿಸಿದೆವು, ಆಮೇಲೆ ತುಂಬಿದ ಸಾಲಿನಲ್ಲಿ ಕುಂಕುಮ ತಪ್ಪಿಸಿದೆವು. ಸಾವಿನ ಸುದ್ದಿ ಬಂದಿದೆ, ಇವರು ಬಾಯಿಬಿಟ್ಟು ಹೇಳಲಾರದೆ ಹೀಗೆ ತಿಳಿಸುತ್ತಿದ್ದಾರೆ ಎಂದು ಅವಳು ತಿಳಿದಿದ್ದಳು.

ಶಿವಬಸವ್ವ ದೇವರ ಗೂಡಿನಿಂದ ಕುಂಕುಮದ ಬಟ್ಟಲು ತೆಗೆದಳು. ರುದ್ರವ್ವ ಅವಳ ಕೈ ಹಿಡಿದಳು. "ತಡಿಯವ್ವ. ಆತ ಇಲ್ಲಂದ್ರ ಏನು ಗತಿ? ಸತ್ತವನ ಹೆಸರಿಲೆ ಕುಂಕುಮ ಹಚ್ಚಿದ್ರ ಪಾಪ ಯಾರ ತಲಿಗೆ? ಮೊದಲ ಪತ್ತೆ ಆಗಲಿ."

"ಸತ್ತಾನಂತ ನೀವೂ ಕಂಡಿಲ್ಲ, ಬದುಕ್ಯಾನಂತ ನಾನೂ ಕಂಡಿಲ್ಲ," ಎಂದಳು ಶಿವಬಸವ್ವ. "ಎರಡೂ ಗೊತ್ತಿಲ್ಲಂದ್ರ ನಾ ಕುಂಕುಮದ ಕಡೆ ನಿಲ್ಲಾಕಿ. ಪಾಪ ಬಂದ್ರ ನನ್ನ ಮನಿಗೆ ಬರಲಿ."

ಅಂಥ ಮಾತನ್ನು ನಮ್ಮ ಚಾಳಿನಲ್ಲಿ ಯಾರೂ ಆಡಿರಲಿಲ್ಲ. ಅವಳು ನಿಭಾಳ ಹಣೆಗೆ ಕುಂಕುಮ ಇಟ್ಟಳು, ತನ್ನ ಹಸಿರು ಇಳಕಲ್ ಸೀರೆ ಉಡಿಸಿದಳು, ನಾನು ನನ್ನ ಕೈಯ ಬಳೆ ಕಳಚಿ ತೊಡಿಸಿದೆ. ಸೆರಗಿನಲ್ಲಿ ಉಡಿ ಬಿದ್ದಾಗ ನಿಭಾ ಹೆಬ್ಬೆರಳಿನಿಂದ ಹಣೆಯ ಕುಂಕುಮವನ್ನು ಬೈತಲೆಯ ತನಕ ಎಳೆದುಕೊಂಡಳು. ಆಮೇಲೆ ತಾನಾಗಿಯೇ ಕೈಚಾಚಿ ನೀರು ಕೇಳಿದಳು. ಅವಳು ಗಂಜಿ ಕುಡಿದು ಮುಗಿಸುವ ತನಕ ಯಾರೂ ಎದ್ದು ಹೋಗಲಿಲ್ಲ.

ಮರುದಿನ ನಾವು ನಾಲ್ಕು ಜನ ಅವಳನ್ನು ಕರೆದುಕೊಂಡು ಸಮಿತಿಯ ಆಫೀಸಿಗೆ ಹೋದೆವು. ಮೇಜಿನ ಹಿಂದಿದ್ದ ಸದ್ಗೃಹಸ್ಥರು ಒಳ್ಳೆಯವರೇ. ಏನು ಬೇಕಿತ್ತು, ಇನ್ನೊಂದು ಕಂಬಳಿ ಕೊಡಲೇ ಎಂದು ಮರಾಠಿಯಲ್ಲಿ ಕೇಳಿದರು. ಶಿವಬಸವ್ವ ಸಿಟ್ಟಿನಲ್ಲಿ ಮರಾಠಿ ಶುರು ಮಾಡಿ ಕನ್ನಡದಲ್ಲಿ ಮುಗಿಸುವವಳು. "ಕಂಬಳಿ ನಕೋ, ಹಾಲಿನ ಪುಡಿ ನಕೋ. ಈಕಿಗೆ ಗಂಡ ಬೇಕು. ಹುಡುಕಿ ಕೊಡ್ರಿ," ಎಂದಳು.

ಅವರು ಕನ್ನಡಕ ತೆಗೆದು ನಿಭಾಳ ಹಣೆ ನೋಡಿದರು. ವಿಧವೆ ಎಂದು ಹೇಳಿದ್ದರಿಂದ ಗಂಡನನ್ನು ಹುಡುಕಿಸಿರಲಿಲ್ಲ ಎಂದರು. ಈಗ ಬರೆದು ಕಳಿಸುತ್ತೇನೆ, ಆದರೆ ಶಿಬಿರಗಳು ನೂರಾರು, ಜನ ಲಕ್ಷಗಟ್ಟಲೆ, ಆಸೆ ಇಟ್ಟುಕೊಳ್ಳಬೇಡಿ ಎಂದರು. ಆಸೆ ಎಷ್ಟು ಇಟ್ಟುಕೊಳ್ಳಬೇಕೆಂದು ಹೇಳಲು ಇವರ್ಯಾರು ಎಂದು ಶಿವಬಸವ್ವ ದಾರಿಯುದ್ದಕ್ಕೂ ಗೊಣಗಿದಳು.

ಹಾಗೆ ಗೊಣಗುತ್ತ ಭೋಸರಿಗೆ ಬಂದಾಗ ಕಾರ್ಖಾನೆಯ ಮುಂದೆ ಲಾರಿಗಳ ಸಾಲು ನಿಂತಿತ್ತು. ಸುರಪುರ ಕಡೆಯ ಗುರಣ್ಣ ತನ್ನ ಲಾರಿಗೆ ಹಗ್ಗ ಬಿಗಿಯುತ್ತಿದ್ದ. ಇಲ್ಲಿಂದ ಯಂತ್ರದ ಸಾಮಾನು ಹೊತ್ತು ಕಲಕತ್ತೆಗೆ ಹೋಗುವವನು ಅವನು. ಅಲ್ಲಿ ವಾಪಸು ಬಾಡಿಗೆ ಸಿಗುವ ತನಕ ಶಿಬಿರಗಳಿಗೆ ಅಕ್ಕಿ ಸಾಗಿಸುತ್ತೇನೆ ಎಂದು ಅವನೇ ಹೇಳಿದ್ದ. ಶಿವಬಸವ್ವ ಲಾರಿಯ ಹಿಂದೆ ನಿಂತು, ಅದರ ಹಲಗೆಯ ಮೇಲೆ ಬಣ್ಣದಲ್ಲಿ ಹಿಂದಿಯಲ್ಲಿ ಬರೆದದ್ದನ್ನು, ಗೇಟಿನಿಂದ ಹೊರಬಂದ ಗಂಡನಿಂದ ಓದಿಸಿದಳು. ಕೆಟ್ಟ ಕಣ್ಣಿನವನೇ, ನಿನ್ನ ಮುಖ ಕಪ್ಪಾಗಲಿ ಎಂದಿತ್ತು.

"ಯಾವನೋ ಕಣ್ಣು ಹಾಕ್ತಾನಂತ ದೇಶಕ್ಕೆಲ್ಲ ಬೈಗಳಾ ತೋರಿಸ್ಕೋತ ತಿರಗ್ತೀಯಲ್ಲೋ ಗುರಣ್ಣ. ಅದೇ ಜಾಗಾದಾಗ ಈ ಕೂಸಿನ ಗಂಡನ ಹೆಸರು ಬರಸಿದ್ರ ನಿನ್ನ ಗಂಟೇನು ಹೋಗ್ತದ?"

ಗುರಣ್ಣ ತಲೆ ಕೆರೆದುಕೊಂಡ. "ಮಾಲಕ ಬೈತಾನ್ರಿ ಅಕ್ಕಾರ."

"ಬೈದ್ರ ನನ್ನ ಕಡೆ ಕಳಸು."

ಶಿವಬಸವ್ವನ ಕಡೆಗೆ ಕಳಿಸುವುದಕ್ಕಿಂತ ದೊಡ್ಡ ಶಿಕ್ಷೆ ಮಾಲೀಕನಿಗೂ ಇಲ್ಲವೆಂದು ಗುರಣ್ಣನಿಗೆ ಗೊತ್ತಿತ್ತು, ನಕ್ಕು ಒಪ್ಪಿದ. ಲೋಕನಾಥ ಕಾರ್ಖಾನೆಯ ಕೆಂಪು ಬಣ್ಣ ತಂದು ಬಂಗಾಲಿಯಲ್ಲಿ ದಪ್ಪಗೆ ಬರೆದ: ದೋಣಿ ಬಡಗಿ ಹರಿಪದ, ನಿಭಾ ಬದುಕಿದ್ದಾಳೆ, ಲೋಕನಾಥ ಮಾವನ ಹತ್ತಿರ ಇದ್ದಾಳೆ, ಈ ಲಾರಿಯವನನ್ನು ಹಿಡಿ. ಅದನ್ನು ನೋಡಿ ಪಕ್ಕದ ಲಾರಿಯ ಸರದಾರಜಿ ತನ್ನ ಲಾರಿಗೂ ಬರೆ ಎಂದ. ಆ ಸಂಜೆ ಕಲಕತ್ತೆಯ ದಾರಿ ಹಿಡಿದ ಲಾರಿಗಳೆಲ್ಲ ಹರಿಪದನ ಹೆಸರು ಹೊತ್ತು ಹೋದವು. ನಿಭಾ ಕೊನೆಯ ಲಾರಿ ಮರೆಯಾಗುವ ತನಕ ರಸ್ತೆಯ ಅಂಚಿನಲ್ಲಿ ನಿಂತಿದ್ದಳು.

ದೀಪಾವಳಿ ಕಳೆಯಿತು. ಹೋದ ಲಾರಿಗಳು ಕೆಲವು ಬರಿಗೈಯಲ್ಲಿ ಬಂದವು. ನಾ ಹೇಳಿರಲಿಲ್ಲೇನು ಎಂದು ರುದ್ರವ್ವನ ಮುಖ ಅನ್ನುತ್ತಿತ್ತು. ನಿಭಾ ಮಾತ್ರ ದಿನಾ ಬೆಳಿಗ್ಗೆ ಮಿಂದು ಬೈತಲೆಗೆ ಕುಂಕುಮ ಎಳೆದುಕೊಂಡು ರೊಟ್ಟಿಗೆ ಕೂರುತ್ತಿದ್ದಳು. ಶಿವಬಸವ್ವ ಹಗಲು ಜೋರಾಗಿಯೇ ಇರುತ್ತಿದ್ದಳು. ಒಮ್ಮೆ ನೀರಿನ ನಲ್ಲಿಯ ಹತ್ತಿರ ನನ್ನೊಬ್ಬಳಿಗೇ, "ಮಾನಮ್ಮಾ, ಆತ ಬರಲಿಲ್ಲಂದ್ರ ಆ ಕುಂಕುಮ ನಾನೇ ಒರಸಬೇಕಾಗ್ತದಲ್ಲ," ಎಂದಳು. ಅವಳ ತುಂಬಿದ ಕೊಡವನ್ನೂ ನಾನೇ ಹೊತ್ತುಕೊಂಡು ನಡೆದೆ.

ಗೌರಿ ಹುಣ್ಣಿಮೆಯ ಸಂಜೆ. ಹುಡುಗಿಯರು ಸಕ್ಕರೆ ಆರತಿ ಹಿಡಿದು ಮನೆಮನೆಗೆ ತಿರುಗುತ್ತಿದ್ದರು. ಚಾಳಿನ ಬಾಯಲ್ಲಿ ಗುರಣ್ಣನ ಹಾರ್ನು ಕೇಳಿತು. ಅವನು ಹಾರ್ನಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಪಕ್ಕದ ಸೀಟಿನಿಂದ ಕಡ್ಡಿಯಂತೆ ಒಣಗಿದ, ಗಡ್ಡ ಬೆಳೆದ ಒಬ್ಬ ಮನುಷ್ಯ ಇಳಿದ. ಗಡಿಯೂರು ಬನಗಾಂವದ ರಸ್ತೆಯ ಬದಿಯಲ್ಲಿ ಶಿಬಿರಕ್ಕೆ ಬಿದಿರು ಹೊರುತ್ತಿದ್ದನಂತೆ. ಅವನಿಗೆ ಓದು ಬಾರದು. ಜೊತೆಯವನು ಯಾರೋ ಲಾರಿಯ ಬೆನ್ನು ನೋಡಿ ಗಟ್ಟಿಯಾಗಿ ಓದಿದನಂತೆ. ಬಿದಿರು ಬಿಸಾಕಿ ಓಡಿದವನು ಹಲಗೆಗೆ ಜೋತುಬಿದ್ದ ಮೇಲೆಯೇ ನಿಂತದ್ದು ಎಂದು ಗುರಣ್ಣ ಹೇಳುತ್ತಿದ್ದ, ಕೇಳುವವರು ಯಾರಿದ್ದರು? ಲೋಕನಾಥ ಓಡಿ ಬಂದು ಅಳಿಯನನ್ನು ತಬ್ಬಿಕೊಂಡ.

ಹರಿಪದ ಶಿವಬಸವ್ವನ ಹೊಸ್ತಿಲಿಗೆ ಬಂದಾಗ ಬಾಗಿಲಲ್ಲಿ ರುದ್ರವ್ವ ಕೈ ಅಡ್ಡ ಇಟ್ಟು ನಿಂತಿದ್ದಳು. "ಸುಮ್ಮಸುಮ್ಮಕ ಒಳಗ ಬಿಡಂಗಿಲ್ಲ. ಹೆಸರು ಹೇಳಬೇಕು," ಎಂದಳು. ನಮ್ಮ ಕಡೆ ಜೋಡಿ ಮನೆಗೆ ಬಂದರೆ ಹಾಗೆಯೇ. ಒಡಪು ಕಟ್ಟಿ ಒಬ್ಬರ ಹೆಸರು ಒಬ್ಬರು ಹೇಳುವ ತನಕ ಬಾಗಿಲು ಬಿಡುವುದಿಲ್ಲ. ನಾವೂ ನಗುತ್ತ ಅವಳ ಪಕ್ಕ ಸಾಲುಗಟ್ಟಿದೆವು. ಅವನ ಮುಖ ನೋಡಿದ ಮೇಲೆ ನಗೆ ನಿಂತಿತು. ಎಷ್ಟು ಬಾಗಿಲಲ್ಲಿ, ಎಷ್ಟು ಬಂದೂಕಿನ ಮುಂದೆ ಹೆಸರು ಕೇಳಿಸಿಕೊಂಡಿದ್ದನೋ, ಮಾತು ತಿಳಿಯದಿದ್ದರೂ ಅಡ್ಡ ನಿಂತ ಸಾಲು ಕಂಡು ಎರಡೂ ಕೈ ಮೇಲೆತ್ತಿ ನಿಂತುಬಿಟ್ಟ.

ಒಳಗಿನಿಂದ ನಿಭಾ ಬಂದಳು. ಅವರಲ್ಲಿ ಹೆಂಡತಿ ಗಂಡನ ಹೆಸರು ಎತ್ತುವುದೇ ಇಲ್ಲ. ನಮ್ಮ ಚಾಳಿನಲ್ಲಿ ಇಷ್ಟು ದಿನ ಇದ್ದರೂ ಆ ಹೆಸರನ್ನು ಒಮ್ಮೆಯೂ ಅವಳ ಬಾಯಿಂದ ನಾವು ಕೇಳಿರಲಿಲ್ಲ. ನಮ್ಮ ಭುಜಗಳ ನಡುವೆ ತೂರಿ ಬಂದು, ಅವನ ಮೇಲೆತ್ತಿದ ಕೈಗಳನ್ನು ಹಿಡಿದು ಕೆಳಗಿಳಿಸಿ, ನಮ್ಮ ಕಡೆ ತಿರುಗಿ, ಇಡೀ ಚಾಳಿಗೆ ಕೇಳುವಂತೆ ನಮ್ಮ ಮಾತಿನಲ್ಲೇ ಹೇಳಿದಳು:

"ಹೊಳಿ ದಾಟಿ ಬಂದಾರ, ನಾಡ ದಾಟಿ ಬಂದಾರ,
ಹರಿಪದ ಬಂದಾರ, ಬಾಗಿಲ ಬಿಡ್ರಿ."

ನಾವು ಬಾಗಿಲು ಬಿಟ್ಟೆವು.