ಎಲ್ಲರಿಗೂ ಒಂದೇ ಟರ್ಬೋ

ನನ್ನ ಭಾವ, ಅಂದರೆ ನನ್ನ ಗಂಡನ ಅಣ್ಣ, ಬೆಳಗಿನ ಚಹಾವನ್ನು ಊದಿ ಊದಿ ಕುಡಿಯುವ ಮನುಷ್ಯ. ಎದುರಿಗೆ ಸಿಕ್ಕಾಗ ನಾನು ಅವನಿಗೆ ‘ನೀವು’ ಎನ್ನುತ್ತೇನೆ. ಇಲ್ಲಿ ‘ಅವನು’ ಎಂದೇ ಹೇಳುತ್ತೇನೆ, ಕೇಳುವವರು ಯಾರು? ಗ್ಯಾರೇಜಿನ ಗಾಜಿನ ಕೋಣೆಯಲ್ಲಿ, ತಿರುಗುವ ಕುರ್ಚಿಯಲ್ಲಿ ಕೂತು ಅವನು ಲೋಟದೊಳಗೆ ಊದುತ್ತಿದ್ದ. ಅಷ್ಟು ಹೊತ್ತೂ ನನ್ನ ಗಂಡ ಬಾಗಿಲಲ್ಲಿ ನಿಂತಿರುತ್ತಿದ್ದರು. “ಅಣ್ಣಾ, ಕೀ” ಎಂದು ಒಮ್ಮೆ ಹೇಳಿ ಸುಮ್ಮನಾಗುತ್ತಿದ್ದರು. ಕೀ ಇರುತ್ತಿದ್ದುದು ಭಾವನ ತಲೆಯ ಹಿಂದಿನ ಮೊಳೆಯಲ್ಲಿ. ಅವನು ಕೂತಲ್ಲಿಂದಲೇ ಕೈ ಚಾಚಿ ಕೊಡಬಹುದಿತ್ತು. ಆದರೆ ಚಹಾ ಮುಗಿಯಬೇಕು, ಲೋಟ ಕೆಳಗಿಡಬೇಕು, ಬಾಯಿ ಒರೆಸಿಕೊಳ್ಳಬೇಕು, ಆಮೇಲೆ ಕೀ.

ಆ ಕೀ ನಮ್ಮದೇ ಪಿಕಪ್ಪಿನದು. ಅದನ್ನು ನೋಡುತ್ತ ನಾನು ಅದೇ ಕೋಣೆಯ ಮೂಲೆಯಲ್ಲಿ ಫೋನಿನ ಪಕ್ಕ ಕೂತಿರುತ್ತಿದ್ದೆ.

ಗಾಡಿ ನಮ್ಮದಾಗಿದ್ದಾಗ ನಾವು ಚೆನ್ನಾಗಿಯೇ ಇದ್ದೆವು. ಅಂಗಡಿಯಿಂದ ಹಾಸಿಗೆ, ಮಂಚ, ಬೀರು ತುಂಬಿಕೊಂಡು ಮನೆಮನೆಗೆ ಮುಟ್ಟಿಸುವುದು ನಮ್ಮ ಕೆಲಸ. ಅವರು ಓಡಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು ವಿಳಾಸ ಹುಡುಕುತ್ತಿದ್ದೆ, ಇಳಿಸುವಾಗ ಬೀರುವಿನ ಒಂದು ತುದಿ ಹಿಡಿಯುತ್ತಿದ್ದೆ. ಒಂದು ದಿನ ಸೇತುವೆಯ ಏರಿನಲ್ಲಿ ಗಾಡಿ ಕಪ್ಪು ಹೊಗೆ ಕಾರಿ ನಿಂತೇಬಿಟ್ಟಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಸದ್ದು ಮಾತ್ರ, ಎಳೆತವೇ ಇಲ್ಲ. ಹಿಂದಿದ್ದ ಬಸ್ಸಿನವನು ನಮ್ಮ ಹಿರಿಯರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆಸಿಕೊಂಡ.

ಬೇರೆ ಗ್ಯಾರೇಜಿಗೆ ಹೋಗುವ ಮಾತೇ ಇರಲಿಲ್ಲ. ಅಪ್ಪ ಹೋದ ಮೇಲೆ ನನ್ನ ಗಂಡನನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ್ದು ಈ ಅಣ್ಣನೇ. ಅಣ್ಣ ಹೇಳಿದರೆ ಮುಗಿಯಿತು.

“ಟರ್ಬೋ ಹೋಗಿದೆ ಕಣೋ” ಎಂದ ಭಾವ.

ಟರ್ಬೋ ಎಂದರೆ ಇಂಜಿನ್ನಿಗೆ ಗಾಳಿ ಊದುವ ಫ್ಯಾನು. ಡೀಸೆಲ್ ಗಾಡಿಯಲ್ಲಿ ಅದು ಕೆಟ್ಟರೆ ಮನೆಯಲ್ಲಿ ಒಂದು ಸಾವಾದಷ್ಟೇ ಖರ್ಚು. ಎರಡು ದಿನ ಬಿಟ್ಟು ಭಾವ ನಮ್ಮನ್ನು ಕರೆಸಿ ಬಿಚ್ಚಿದ ಟರ್ಬೋ ತೋರಿಸಿದ. ಒಳಗೆ ಮೂರು ರೆಕ್ಕೆ ಮುರಿದಿದ್ದವು, ಒಂದು ಸೊಟ್ಟಗಾಗಿತ್ತು. “ನೀನೂ ನೋಡಮ್ಮಾ, ಆಮೇಲೆ ಭಾವ ಟೋಪಿ ಹಾಕಿದ ಅನ್ನಬೇಡ” ಎಂದು ನಗುತ್ತ ಅದನ್ನು ನನ್ನ ಕೈಗೇ ಕೊಟ್ಟ.

ಆ ಬೆಳಿಗ್ಗೆ ನನ್ನ ಮಗಳು ನನ್ನ ಉಗುರಿಗೆಲ್ಲ ನೇಲ್ ಪಾಲಿಶ್ ಹಚ್ಚಿದ್ದಳು. ನವಿಲಿನ ಕತ್ತಿನ ನೀಲಿ, ಒಳಗೆ ಮಿನುಗು ಬೇರೆ. ದಪ್ಪಗೆ ಹಚ್ಚಿದ್ದರಿಂದ ಇನ್ನೂ ಒಣಗಿರಲಿಲ್ಲ. ಟರ್ಬೋ ಹಿಡಿದಾಗ ಅದರ ತಳದ ಒರಟು ಕಬ್ಬಿಣಕ್ಕೆ ಹೆಬ್ಬೆರಳಿನ ಬಣ್ಣವೆಲ್ಲ ಮೆತ್ತಿಕೊಂಡಿತು. ಮಗಳು ಬೈಯುತ್ತಾಳಲ್ಲ ಎಂಬುದಷ್ಟೇ ಆಗ ನನಗಿದ್ದ ಚಿಂತೆ.

ಬಿಲ್ಲು ನೋಡಿದ ಮೇಲೆ ಉಗುರಿನ ಯೋಚನೆ ಹೋಯಿತು. ನನ್ನ ಎರಡು ಬಳೆ ಮಾರಿದರೂ ಅರ್ಧವೇ ಆಯಿತು. ಉಳಿದ ಅರ್ಧಕ್ಕೆ ದಾರಿ ಹೇಳಿದವನೂ ಭಾವನೇ. “ಗಾಡಿ ನನಗೇ ಬರೆದುಕೊಡು. ಹೊರಗಿನವರಾದ್ರೆ ಗುಜರಿ ರೇಟಿಗೆ ಕೇಳ್ತಾರೆ. ನೀನೇ ಓಡಿಸು, ತಿಂಗಳಾದ್ರೆ ಸಂಬಳ ಇಸ್ಕೋ. ಮನೆ ಗಾಡಿ ಮನೇಲೇ ಇರುತ್ತೆ” ಎಂದ. ನನ್ನ ಗಂಡನ ಕಣ್ಣಲ್ಲಿ ನೀರು ಬಂತು, ಉಪಕಾರವಾಯಿತೆಂದು. ಮಾರಾಟದ ಕಾಗದಕ್ಕೆ ರುಜು ಹಾಕಿದರು. ಭಾವ ಅದನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. ಗಾಡಿಯ ಪುಸ್ತಕದಲ್ಲಿ ಹೆಸರು ಬದಲಿಸಲು ಮಾತ್ರ ಹೋಗಲಿಲ್ಲ. ಅದಕ್ಕೆ ಫೀಸು ಕಟ್ಟಬೇಕು, ಕಾಸು ಬಿಚ್ಚುವ ಕೈ ಅದಲ್ಲ. ಗ್ಯಾರೇಜಿನ ಫೋನು ಎತ್ತುತ್ತಿದ್ದ ಹುಡುಗಿ ಕೆಲಸ ಬಿಟ್ಟಾಗ ನನ್ನನ್ನೂ ಕರೆದ. “ಮನೇಲಿ ಕೂತು ಏನ್ ಮಾಡ್ತೀಯಮ್ಮಾ, ಇಲ್ಲೇ ಬಾ.” ಸಂಬಳ ಆ ಹುಡುಗಿಯ ಅರ್ಧ. ಮನೆಯವಳಲ್ಲವೇ!

ಹೀಗೆ ಗಂಡ ಬಾಗಿಲಲ್ಲಿ, ನಾನು ಮೂಲೆಯಲ್ಲಿ.

ಒಂದು ದಿನ ಹಾಲಿನ ಗಾಡಿಯ ಯಜಮಾನರು ಬಂದರು. ಅವರ ಪಿಕಪ್ಪಿಗೂ ಅದೇ ರೋಗ, ಕಪ್ಪು ಹೊಗೆ, ಏರು ಹತ್ತದು. ಭಾವ ಮುಖವನ್ನು ಸಾವಿನ ಮನೆಗೆ ಬಂದವನ ಹಾಗೆ ಮಾಡಿಕೊಂಡು, “ಟರ್ಬೋ ಹೋಗಿದೆ ಸಾರ್” ಎಂದ. ಒಳಗಿನಿಂದ ಗೋಣಿಚೀಲದಲ್ಲಿ ಸುತ್ತಿದ್ದ ಟರ್ಬೋ ತರಿಸಿದ. ಮೂರು ರೆಕ್ಕೆ ಮುರಿದಿದ್ದವು, ಒಂದು ಸೊಟ್ಟಗಿತ್ತು. ಯಜಮಾನರು ತಿರುಗಿಸಿ ನೋಡಿದರು. ಅದರ ತಳದಲ್ಲಿ, ಜಿಡ್ಡಿನ ನಡುವೆ, ನನ್ನ ಹೆಬ್ಬೆರಳಷ್ಟು ಅಗಲದ ನೀಲಿ ಮಿನುಗುತ್ತಿತ್ತು.

ನನ್ನ ಕೈಯಲ್ಲಿದ್ದ ಫೋನಿನಲ್ಲಿ ಯಾರೋ “ಹಲೋ ಹಲೋ” ಎನ್ನುತ್ತಲೇ ಇದ್ದರು.

ಆ ಸಂಜೆ ಬೇಕೆಂದೇ ಕಸ ಗುಡಿಸುವ ನೆಪದಲ್ಲಿ ಹಿಂದಿನ ಶೆಡ್ಡಿಗೆ ಹೋದೆ. ಹಾಲಿನ ಗಾಡಿಯ ಟರ್ಬೋ ಗುಂಡುಕಲ್ಲಿನ ಹಾಗಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬೆಳ್ಳಿ ಬಣ್ಣ ಹೊಡೆದು, ಹೊಸದೆಂದು ಅದನ್ನೇ ತಿರುಗಿ ಕೂರಿಸುತ್ತಿದ್ದರು. ಬದಲಾಗಿದ್ದು ಗಾಳಿ ಹೋಗುವ ಒಂದು ರಬ್ಬರ್ ಪೈಪು ಮಾತ್ರ. ಹರಿದ ಹಳೇ ಪೈಪು ಕಸದ ಡಬ್ಬಿಯಲ್ಲಿ ಬಿದ್ದಿತ್ತು. ಅಂಥ ಪೈಪಿನ ಬೆಲೆ ನನಗೆ ಗೊತ್ತು, ಫೋನಿನಲ್ಲಿ ಬಿಡಿಭಾಗ ತರಿಸುವವಳು ನಾನೇ. ನಮ್ಮ ಮನೆಯ ಒಂದು ವಾರದ ತರಕಾರಿಗೂ ಅದು ಸಾಲದು. ಅಷ್ಟಕ್ಕೆ ನನ್ನ ಬಳೆ ಹೋಯಿತು, ನಮ್ಮ ಗಾಡಿ ಹೋಯಿತು, ನನ್ನ ಗಂಡನ ಮರ್ಯಾದೆ ಮೊಳೆಗೆ ನೇತುಬಿತ್ತು.

ಮನೆಗೆ ಬಂದು ಹೇಳಿದೆ. ಅವರು ತಟ್ಟೆಯಿಂದ ಕೈ ತೆಗೆದರು.

“ಎಲ್ಲಾ ಟರ್ಬೋನೂ ಒಂದೇ ಥರ ಇರುತ್ತೆ ಕಣೆ.”

“ಎಲ್ಲಾ ಟರ್ಬೋಗೂ ನಮ್ಮ ಮಗಳ ನೇಲ್ ಪಾಲಿಶ್ ಇರುತ್ತೇನ್ರೀ?”

“ಅಣ್ಣ ಹಾಗೆ ಮಾಡಲ್ಲ” ಎಂದರು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, “ಮಾಡಿದ್ರೂ ಏನು ಮಾಡಕ್ಕಾಗುತ್ತೆ?” ಎಂದರು. ಅವರು ಹೇಳಿದ ಮೊದಲ ಮಾತನ್ನು ನಾನು ಕ್ಷಮಿಸಿದೆ. ಎರಡನೆಯದು ನನ್ನನ್ನು ಕೆರಳಿಸಿತು. ಏನು ಮಾಡಕ್ಕಾಗುತ್ತೆ ಎಂದು ತೋರಿಸುತ್ತೇನೆ ಎಂದುಕೊಂಡೆ.

ಮುಂದಿನ ಕೆಲವು ತಿಂಗಳು ನನ್ನಷ್ಟು ಒಳ್ಳೆಯ ನಾದಿನಿ ಜಗತ್ತಿನಲ್ಲೇ ಇರಲಿಲ್ಲ. ಹೌದು ಭಾವ, ಆಯ್ತು ಭಾವ, ಸಕ್ಕರೆ ಸಾಕಾ ಭಾವ. ಆ ಗೋಣಿಚೀಲ ಹೊರಗೆ ಬಂದಾಗಲೆಲ್ಲ ಯಾರು ಬಂದಿದ್ದರೆಂದು ನೆನಪಿಟ್ಟುಕೊಂಡೆ. ಹಾಲಿನವರ ನಂತರ ನೀರಿನ ಕ್ಯಾನು ಹಾಕುವವನು. ಆಮೇಲೆ ಗಿಡ ಮಾರುವ ನರ್ಸರಿಯಮ್ಮ. ಆಮೇಲೆ ಕುರ್ಚಿ ಬಾಡಿಗೆಗೆ ಕೊಡುವವನು. ನರ್ಸರಿಯಮ್ಮ ಬಿಲ್ಲು ನೋಡಿ ಗ್ಯಾರೇಜಿನ ಅಂಗಳದಲ್ಲೇ ಅತ್ತಿದ್ದಳು. ಭಾವ ಅವಳಿಗೆ ನೀರು ಕೊಟ್ಟು, “ಕಂತಲ್ಲಿ ಕೊಡಿ ತಾಯಿ” ಎಂದಿದ್ದ.

ಗ್ಯಾರೇಜುಗಳಲ್ಲಿ ಒಂದು ಪದ್ಧತಿ ಇದೆ. ಹೊಸ ಸಾಮಾನು ಹಾಕಿದರೆ ಬಿಚ್ಚಿದ ಹಳೆಯದು ಗಾಡಿಯ ಮಾಲೀಕನದು. ಕೇಳುವವರು ಕಡಿಮೆ, ಕೇಳಿದರೆ ಇಲ್ಲ ಎನ್ನುವ ಹಾಗಿಲ್ಲ. ಒಂದು ದಿನ ಭಾವ ಊಟಕ್ಕೆ ಹೋದಾಗ ನಾಲ್ವರಿಗೂ ಫೋನ್ ಮಾಡಿದೆ.

“ನಿಮ್ಮ ಹಳೇ ಟರ್ಬೋ ಇನ್ನೂ ಇಲ್ಲೇ ಇದೆ. ಗುಜರಿಯವನು ಒಳ್ಳೆ ರೇಟು ಕೊಡ್ತಾನೆ, ಸುಮ್ಮನೆ ಯಾಕೆ ಬಿಡ್ತೀರಾ? ನಾಳೆ ಬೆಳಿಗ್ಗೆ ಬಂದು ತಗೊಂಡ್ಹೋಗಿ. ಭಾವ ಚಹಾ ಕುಡಿಯೋ ಹೊತ್ತಿಗೆ ಬಂದ್ರೆ ಆರಾಮಾಗಿ ಸಿಗ್ತಾರೆ.”

ಮಾರನೆಯ ಬೆಳಿಗ್ಗೆ ಭಾವ ಲೋಟ ಎತ್ತಿದ್ದ. ನನ್ನ ಗಂಡ “ಅಣ್ಣಾ, ಕೀ” ಎಂದು ನಿಂತಿದ್ದರು. ಹಾಲಿನ ಯಜಮಾನರು ಒಳಗೆ ಬಂದು ತಮ್ಮ ಹಳೆಯ ಟರ್ಬೋ ಕೇಳಿದರು. ಭಾವ ನಗುನಗುತ್ತ ಗೋಣಿಚೀಲ ತರಿಸಿ ಕೊಟ್ಟ. ಒಬ್ಬ ಗಿರಾಕಿಗೆ ಕೊಟ್ಟರೆ ಇನ್ನೊಂದನ್ನು ಗುಜರಿಯಿಂದ ತಂದರಾಯಿತು, ಅವನಿಗೇನು? ಅವರು ಅದನ್ನು ಹಿಡಿದುಕೊಂಡು ಅಂಗಳ ದಾಟುವಷ್ಟರಲ್ಲಿ ನೀರಿನ ಕ್ಯಾನಿನವನು ಎದುರಾದ.

“ಅಯ್ಯೋ ಸಾರ್, ನೀವ್ಯಾಕೆ ತಂದ್ರಿ? ನಾನೇ ಒಳಗೆ ಬರ್ತಿದ್ನಲ್ಲ” ಎಂದು ಅವನು ಕೈ ಚಾಚಿದ.

“ಏನು?”

“ಟರ್ಬೋ. ಅದು ನಂದು.”

“ನಿಮ್ದು ಹೇಗಾಗುತ್ತೆ? ಇದು ನಂದು. ಮೂರು ರೆಕ್ಕೆ ಮುರಿದಿದೆ, ಒಂದು ಸೊಟ್ಟ, ನೋಡಿ.”

“ಅದೇ ಸಾರ್! ನಂದೂ ಮೂರು ರೆಕ್ಕೆ ಮುರಿದು ಒಂದು ಸೊಟ್ಟ!”

ಇಬ್ಬರೂ ಅದನ್ನು ಆ ಕಡೆ ಈ ಕಡೆ ಎಳೆಯತೊಡಗಿದರು. ಅಷ್ಟರಲ್ಲಿ ಕುರ್ಚಿಯವನು ಬಂದು ಬಗ್ಗಿ ನೋಡಿ, “ಇದನ್ನ ನನಗೆ ತೋರಿಸಿದ್ರಲ್ರೀ” ಎಂದ. ನರ್ಸರಿಯಮ್ಮ ಯಾರ ಹತ್ತಿರವೂ ಏನೂ ಹೇಳದೆ ನಡುವೆ ನುಗ್ಗಿ ಟರ್ಬೋ ತಬ್ಬಿಕೊಂಡು ನೆಲದ ಮೇಲೆ ಕೂತಳು. ಕಂತು ಇನ್ನೂ ಕಟ್ಟುತ್ತಿದ್ದವಳು ಅವಳೊಬ್ಬಳೇ. ನನಗೆ ನಗು ತಡೆಯಲಾಗಲಿಲ್ಲ.

ಭಾವ ಕೋಣೆಯ ಬಾಗಿಲು ಹಾಕಿದ. ಅವನ ಮುಖದಲ್ಲಿ ರಕ್ತವಿರಲಿಲ್ಲ.

“ಏನಮ್ಮಾ ಮಾಡಿದೆ ನೀನು?”

“ಫೋನು ಭಾವ. ನನ್ನ ಕೆಲಸ ಅದೇ ಅಲ್ವಾ?”

“ಹೋಗಿ ಏನಾದ್ರೂ ಹೇಳು. ಸಾಮಾನಿನ ಚೀಟಿ ಅದಲುಬದಲಾಗಿದೆ, ತಪ್ಪು ನಂದು ಅನ್ನು. ನಿನ್ನ ಮಾತು ಕೇಳ್ತಾರೆ. ಏನು ಬೇಕೋ ಕೇಳು, ಕೊಡ್ತೀನಿ.”

“ನಮ್ಮ ಗಾಡಿ.”

ಹೊರಗೆ ಹಾಲಿನ ಯಜಮಾನರ ದನಿ ಏರುತ್ತಿತ್ತು. ಅವನು ಡ್ರಾಯರ್ ತೆಗೆದು ಮಾರಾಟದ ಕಾಗದವನ್ನು ನನ್ನ ಮುಂದೆಯೇ ಹರಿದ. ಗಾಡಿಯ ಪುಸ್ತಕ ಮೇಜಿನ ಮೇಲಿಟ್ಟ. ಅದರಲ್ಲಿದ್ದದ್ದು ನನ್ನ ಗಂಡನ ಹೆಸರೇ, ಭಾವನ ಜಿಪುಣತನಕ್ಕೆ ದೊಡ್ಡ ನಮಸ್ಕಾರ. ಮೊಳೆಯಿಂದ ಕೀ ತೆಗೆದು ನನ್ನತ್ತ ನೀಡಿದ.

“ನನಗಲ್ಲ. ಅವರಿಗೆ ಕೊಡಿ.”

ಕೊಟ್ಟ. ಬಾಗಿಲು ತೆಗೆದು, ತಮ್ಮನ ಕೈ ಹಿಡಿದು, ಅಂಗೈಯಲ್ಲಿ ಇಟ್ಟ. ಚಹಾ ಲೋಟದಲ್ಲಿ ಹಾಗೇ ಇತ್ತು. ನನ್ನ ಗಂಡನಿಗೆ ಏನೂ ಅರ್ಥವಾಗದೆ, ಅಭ್ಯಾಸದಂತೆ, “ಬರ್ತೀನಿ ಅಣ್ಣಾ” ಎಂದರು.

ನಾನು ಅಂಗಳಕ್ಕೆ ಬಂದೆ. ನರ್ಸರಿಯಮ್ಮನ ಮಡಿಲಿನಿಂದ ಟರ್ಬೋ ಎತ್ತಿ, ತಲೆಕೆಳಗು ಮಾಡಿ, ನೀಲಿ ಗುರುತು ತೋರಿಸಿದೆ.

“ಇದು ನಿಮ್ಮಲ್ಲಿ ಯಾರದ್ದೂ ಅಲ್ಲ. ನಮ್ಮದೂ ಅಲ್ಲ. ಇದು ನನ್ನ ನೇಲ್ ಪಾಲಿಶು, ನಿಮಗಿಂತ ಮುಂಚೆ ನನಗೆ ತೋರಿಸಿದ್ದಾಗ ಮೆತ್ತಿದ್ದು. ನಿಮ್ಮ ಟರ್ಬೋಗಳೆಲ್ಲ ನಿಮ್ಮ ಗಾಡಿಯಲ್ಲೇ ಇವೆ. ಬೆಳ್ಳಿ ಬಣ್ಣ ಕೆರೆದು ನೋಡಿ.”

ಹಿಂದಿನಿಂದ ಭಾವ ಕಿರುಚಿದ. “ಗಾಡಿ ಕೊಟ್ಟೆನಲ್ಲೇ! ನೀನು ಮಾತು ಕೊಟ್ಟಿದ್ದೆ!”

“ನಾನು ಮಾತು ಕೊಡಲಿಲ್ಲ ಭಾವ. ಗಾಡಿ ಕೇಳಿದೆ.”

ಆಮೇಲೆ ನಡೆದದ್ದನ್ನು ಇಡೀ ಬೀದಿ ನಿಂತು ನೋಡಿತು. ಹಾಲಿನ ಯಜಮಾನರು ಸ್ಪ್ಯಾನರ್ ಕೇಳಿ ತಮ್ಮ ಬಾನೆಟ್ಟನ್ನು ತಾವೇ ತೆಗೆದರು. ನರ್ಸರಿಯಮ್ಮ ಗಾಜಿನ ಕೋಣೆಗೆ ಹೋಗಿ ತಿರುಗುವ ಕುರ್ಚಿಯಲ್ಲಿ ಕೂತು, ತನ್ನ ದುಡ್ಡು ಕೈಗೆ ಬರುವವರೆಗೆ ಏಳಲಿಲ್ಲ. ನನ್ನ ಹೊಟ್ಟೆ ತಣ್ಣಗಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅಷ್ಟು ಸುಖ ನನಗೆ ಬಳೆ ಮಾಡಿಸಿದ ದಿನವೂ ಆಗಿರಲಿಲ್ಲ.

ಗಾಡಿಯಲ್ಲಿ ಮನೆಗೆ ಹೋಗುವಾಗ ನನ್ನ ಗಂಡ ರಸ್ತೆ ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಸೇತುವೆ ಹತ್ತಿರ ಬಂದಾಗ ಬಾಯಿ ಬಿಟ್ಟರು.

“ಗಾಡಿ ಸಿಕ್ಕಿತ್ತಲ್ಲ. ಅಷ್ಟಕ್ಕೇ ಬಿಡಬಹುದಿತ್ತು.”

“ನಿಮಗೆ ಸಾಕಾಗಿತ್ತು. ನನಗೆ ಸಾಕಾಗಲಿಲ್ಲ.”

ಅವರು ಗೇರ್ ಬದಲಿಸಿದರು. ಗಾಡಿ ಏರನ್ನು ಸಲೀಸಾಗಿ ಹತ್ತಿತು.

ಎಲ್ಲರ ದುಡ್ಡು ಹಿಂದಿರುಗಿಸುವಷ್ಟರಲ್ಲಿ ಭಾವನ ಗಾಜಿನ ಕೋಣೆ ಹೋಯಿತು, ಕೆಲಸದವರು ಹೋದರು. ಈಗ ಅವನು ಹಳೆಯ ಶೆಡ್ಡಿನ ಮುಂದೆ ಒಬ್ಬನೇ ಒಂದು ಪೆಟ್ಟಿಗೆ ಸಾಮಾನು ಇಟ್ಟುಕೊಂಡು ಕೂರುತ್ತಾನೆ. ನಮ್ಮ ಗಾಡಿಯ ರಿಪೇರಿ ಈಗಲೂ ಅವನ ಹತ್ತಿರವೇ. ಅಕ್ಕಪಕ್ಕದವರು ನಾನು ದೊಡ್ಡ ಮನಸ್ಸಿನವಳು ಎನ್ನುತ್ತಾರೆ. ಅವನಷ್ಟು ಕಡಿಮೆಗೆ, ಅಷ್ಟು ಸರಿಯಾಗಿ ಡೀಸೆಲ್ ಗಾಡಿ ಮಾಡುವವನು ಈಗ ಈ ಊರಲ್ಲಿ ಇನ್ನೊಬ್ಬನಿಲ್ಲ, ಅದು ನಿಜ. ಆದರೆ ನಾನು ಹೋಗುವುದು ಅದಕ್ಕಲ್ಲ.

ಪ್ರತಿ ಸಲವೂ ಬಾನೆಟ್ ಎತ್ತಿಸಿ, ನೀಲಿ ನೇಲ್ ಪಾಲಿಶಿನ ಬಾಟಲಿ ತೆಗೆದು, ಅವನ ಕಣ್ಣೆದುರಿಗೇ ಒಂದೊಂದು ಭಾಗಕ್ಕೂ ಒಂದೊಂದು ಬೊಟ್ಟು ಇಡುತ್ತೇನೆ. ಟರ್ಬೋಗೆ, ಪಂಪಿಗೆ, ಆ ರಬ್ಬರ್ ಪೈಪಿಗೂ. ಇಟ್ಟು ಮುಗಿಯುವವರೆಗೆ ಅವನು ಕೈ ಹಿಂದೆ ಕಟ್ಟಿಕೊಂಡು ನಿಂತಿರುತ್ತಾನೆ. ನನ್ನ ಗಂಡ ಗಾಡಿಯೊಳಗೆ ಕೂತು ಇನ್ನೊಂದು ಕಡೆ ನೋಡುತ್ತಾರೆ.

ಮೊನ್ನೆ ಹೋದಾಗ ಪಕ್ಕದ ಅಂಗಡಿಯಿಂದ ಚಹಾ ತರಿಸಿಕೊಂಡೆ. ಭಾವ ಬಾನೆಟ್ ಎತ್ತಿ, ಮುಟ್ಟದೆ ನಿಂತ.

“ಬಣ್ಣ ಹಚ್ಚಲ್ವೇನಮ್ಮಾ?” ಎಂದು ಒಮ್ಮೆ ಕೇಳಿ ಸುಮ್ಮನಾದ.

ಬಾಟಲಿ ನನ್ನ ಮಡಿಲಲ್ಲಿದ್ದ ಬ್ಯಾಗಿನಲ್ಲೇ ಇತ್ತು. “ಇರಿ ಭಾವ, ಚಹಾ ಮುಗೀಲಿ” ಎಂದೆ. ಚಹಾ ಅಷ್ಟೇನೂ ಬಿಸಿ ಇರಲಿಲ್ಲ. ನಾನು ಊದಿ ಊದಿ ಕುಡಿದೆ.